ಟ್ಯಾಬ್‌ಗಳ ಕಾಟಕ್ಕೆ ಮದ್ದಿದೆ

ಇಮೇಲ್ ಓದುವ ತಂತ್ರಾಂಶ ಥಂಡರ್‌ಬರ್ಡ್ ನವೀಕರಿಸಿದ ಮೇಲೆ ಇಮೇಲ್ ಪಟ್ಟಿ ಕಾರ್ಡುಗಳಂತೆ ಕಾಣುತ್ತಿದೆ, ಡಬಲ್ ಕ್ಲಿಕ್ ಮಾಡಿದ್ದೆಲ್ಲ ಹೊಸ ಟ್ಯಾಬಿನಲ್ಲಿ ತೆರೆದುಕೊಳ್ಳುತ್ತಿದೆ ಎಂದು ಕೇಳಿದ್ದೀರಿ. ನಿಮ್ಮ ಸಿಟ್ಟು ನ್ಯಾಯವಾದದ್ದೇ. ಸಂಜೆಯ ಹೊತ್ತಿಗೆ ಟ್ಯಾಬ್‌ಗಳು ಒತ್ತೊತ್ತಾಗಿ ನಿಂತು, ಒಂದೊಂದರ ಮೇಲೂ ವಿಷಯದ ನಾಲ್ಕೇ ಅಕ್ಷರ ಉಳಿದಿರುತ್ತವೆ. ಯಾವುದು ಯಾರದೆಂದು ಕಣಿ ಕೇಳಬೇಕು!

ಸೆಟ್ಟಿಂಗ್ಸ್‌ನ ಜನರಲ್ ವಿಭಾಗದಲ್ಲಿ ಕೆಳಗಿಳಿದರೆ ‘ಓಪನ್ ಮೆಸೇಜಸ್ ಇನ್’ ಎಂದಿದೆ. ಅಲ್ಲಿ ಹೊಸ ಟ್ಯಾಬ್ ಬಿಟ್ಟು, ಈಗಾಗಲೇ ತೆರೆದಿರುವ ಕಿಟಕಿಯನ್ನು ಆರಿಸಿಕೊಳ್ಳಿ. ಆಮೇಲೆ ಎಷ್ಟು ಇಮೇಲ್ ಓದಿದರೂ ಅದೊಂದೇ ಕಿಟಕಿ. ಪಟ್ಟಿಯ ಮೇಲ್ಗಡೆ ಬಲತುದಿಯ ಗುಂಡಿ ಒತ್ತಿ ‘ಟೇಬಲ್ ವ್ಯೂ’ ಆರಿಸಿದರೆ ಹಳೆಯ ಸಾಲುಗಳು ಮರಳುತ್ತವೆ. ಕಾರ್ಡು ನೋಟ 2023ರ 115ನೇ ಆವೃತ್ತಿಯಲ್ಲಿ ಬಂದದ್ದು. ಅದಕ್ಕೆ ಹೆದರಿ ಹಳೆಯ ಆವೃತ್ತಿಗೆ ಹೋಗಬೇಡಿ, ಭದ್ರತಾ ತಿದ್ದುಪಡಿಗಳು ತಪ್ಪಿಹೋಗುತ್ತವೆ.