ಯಾರು ಮಾಡಿದ್ದು ಅಂತ ಮೊದಲ ಹೇಳ್ರಿ

ತೀವ್ರವಾದಿ ಸಂಘಟನೆಯೊಂದನ್ನು ಸೇರಿ, ಆಪ್ತಸಮಾಲೋಚನೆಗೆ ನನ್ನ ಬಳಿ ಬಂದ ಹುಡುಗನೊಬ್ಬನ ಕಥೆ ಇದು. ಹೆಸರು, ಓಣಿ, ಕಸುಬು ಎಲ್ಲ ಬದಲಿಸಿದ್ದೇನೆ. ಹುಡುಗ ಸೇರಿದ್ದ ಸಂಘಟನೆಯ ಬಣ್ಣ ಯಾವುದೆಂದೂ ಬರೆಯುವುದಿಲ್ಲ. ಬರೆದರೆ ಅರ್ಧ ಓದುಗರು ಅಲ್ಲಿಗೇ ತಲೆದೂಗುತ್ತಾರೆ, ಉಳಿದರ್ಧ ಅಲ್ಲಿಗೇ ಸಿಟ್ಟಾಗುತ್ತಾರೆ.

ವಯಸ್ಸು 20. ಡಿಪ್ಲೊಮಾ ಅರ್ಧಕ್ಕೆ ಬಿಟ್ಟು ಹುಬ್ಬಳ್ಳಿಯ ಒಂದು ಮೊಬೈಲ್ ರಿಪೇರಿ ಅಂಗಡಿಯಲ್ಲಿದ್ದ. ಕರೆದುಕೊಂಡು ಬಂದವಳು ಅಕ್ಕ. "ರಾತ್ರಿ ಹನ್ನೆರಡಕ್ಕ ಫೋನ್ ಬಂದ್ರೂ ಗಾಡಿ ತಗೊಂಡು ಹೊಂಟ್ಬಿಡ್ತಾನ್ರಿ ಮೇಡಂ. ಕೇಳಿದ್ರ ನಿಮಗ ತಿಳಿಯಂಗಿಲ್ಲ ಅಂತಾನ." ಅಪ್ಪ ಒಮ್ಮೆ ಫೋನ್ ಕಸಿದು ಗೋಡೆಗೆ ಒಗೆದಿದ್ದರು. ರಿಪೇರಿ ಹುಡುಗನಿಗೆ ಫೋನಿಗೇನು ಬರ? ಸಂಜೆಗೆ ಇನ್ನೊಂದು ಬಂತು, ಅಪ್ಪ-ಮಗನ ಮಾತು ಮಾತ್ರ ನಿಂತೇ ಹೋಯಿತು.

ಮೊದಲ ದಿನವೇ ಅವನಿಗೆ ಸ್ಪಷ್ಟವಾಗಿ ಹೇಳಿದೆ: ನೀನು ಹೇಳಿದ್ದು ಈ ಕೋಣೆ ದಾಟುವುದಿಲ್ಲ, ಆದರೆ ಯಾರದಾದರೂ ಜೀವಕ್ಕೆ ಅಪಾಯವಿದ್ದರೆ ದಾಟುತ್ತದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಕಲಮು ಗೋಪ್ಯತೆಗೆ ಈ ವಿನಾಯಿತಿ ಇಟ್ಟಿದೆ. ಫೋನನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡು ಕೇಳಿಸಿಕೊಂಡ. ಅದು ಬಿಟ್ಟೂ ಬಿಡದೆ ಗುಂಯ್‌ಗುಡುತ್ತಿತ್ತು.

ಸಿದ್ಧಾಂತದ ಬಗ್ಗೆ ನಾನು ವಾದಕ್ಕೆ ಇಳಿಯಲಿಲ್ಲ. ಇಂಥ ಹುಡುಗರಿಗೆ ವಾದ ಬಾಯಿಪಾಠವಾಗಿರುತ್ತದೆ. ಅದರ ಬದಲು, ಈ ಸಂಘಟನೆಯವರು ನಿನಗೆ ಯಾವಾಗ ಪರಿಚಯವಾದರು ಎಂದು ಕೇಳಿದೆ. ಅವ್ವನ ಆಪರೇಶನ್ ಕಥೆ ಬಂತು. ರಕ್ತ ಬೇಕಾಗಿತ್ತು. ಕಾಕಾ ಫೋನ್ ಎತ್ತಲಿಲ್ಲ, ಮಾಮಾ ಊರಲ್ಲಿಲ್ಲ ಅಂದರು. ಗುರುತೇ ಇಲ್ಲದ ಇಬ್ಬರು ಹುಡುಗರು ಅರ್ಧ ತಾಸಿನಲ್ಲಿ ಬಂದು ರಕ್ತ ಕೊಟ್ಟು, ಚಹಾನೂ ಕುಡಿಯದೆ ಹೋದರು. "ಅವರ ಋಣ ಐತ್ರಿ ನನ್ನ ಮ್ಯಾಲ." ದ್ವೇಷದ ಮಾತೆಲ್ಲ ಆಮೇಲೆ ಬಂದದ್ದು. ಅವನನ್ನು ಕಟ್ಟಿಹಾಕಿದ್ದು ಈ ಋಣ.

ಮುಂದಿನ ಭೇಟಿಯಲ್ಲಿ ಅಕ್ಕನನ್ನೂ ಕೂರಿಸಿಕೊಂಡು, ಹೆಸರು ಹೇಳದೆ ಮೂರು ಸಂಗತಿ ಮುಂದಿಟ್ಟೆ. ಬೆಳಗ್ಗೆ ಹಿರಿಯ ವಿದ್ವಾಂಸರ ಮನೆ ಬಾಗಿಲಿಗೆ ಬಂದು ಗುಂಡು ಹಾರಿಸಿ ಕೊಲ್ಲುವುದು. ಒಂದು ವಾಟ್ಸಾಪ್ ಸ್ಟೇಟಸ್ ನೋಡಿ ಸಿಟ್ಟಾದ ಗುಂಪು ರಾತ್ರಿ ಪೊಲೀಸರ ಮೇಲೆ ಕಲ್ಲು ತೂರುವುದು. ಮಾಹಿತಿದಾರ ಎಂಬ ಅನುಮಾನದ ಮೇಲೆ ಹಳ್ಳಿಯ ರೈತನೊಬ್ಬನನ್ನು ಕೊಲ್ಲುವುದು. ಇವುಗಳಲ್ಲಿ ಸರಿ ಯಾವುದು, ತಪ್ಪು ಯಾವುದು?

"ಯಾರು ಮಾಡಿದ್ದು ಅಂತ ಮೊದಲ ಹೇಳ್ರಿ" ಅಂದ.

ಅಕ್ಕ ಅವನ ಮುಖವನ್ನೇ ನೋಡಿದಳು. "ಸತ್ತಂವಾ ಯಾರು ಅಂತ ಕೇಳಲಿಲ್ಲಲ್ಲೋ ನೀ." ನಾನು ಕೇಳಬೇಕೆಂದಿದ್ದನ್ನು ಅವಳೇ ಕೇಳಿಬಿಟ್ಟಳು.

ಮೊದಲಿನದು 2015ರ ಆಗಸ್ಟ್ 30ರಂದು ಧಾರವಾಡದ ಕಲ್ಯಾಣನಗರದಲ್ಲಿ ನಡೆದ ಎಂ.ಎಂ. ಕಲಬುರ್ಗಿಯವರ ಹತ್ಯೆ. ಎರಡನೆಯದು 2022ರ ಏಪ್ರಿಲ್ 16ರ ಹಳೇಹುಬ್ಬಳ್ಳಿ ಠಾಣೆ ಗಲಭೆ. ನೂರಕ್ಕೂ ಹೆಚ್ಚು ಜನ ಬಂಧನಕ್ಕೊಳಗಾದರು, ಕಾನೂನುಬಾಹಿರ ಚಟುವಟಿಕೆ ತಡೆ ಕಾಯ್ದೆ (ಯುಎಪಿಎ) ಕೂಡ ಬಿತ್ತು. ಮೂರನೆಯದು ಮಲೆನಾಡಿನಲ್ಲಿ ನಕ್ಸಲರು ಮಾಡಿದ್ದು. ಮೂರೂ ಬೇರೆ ಬೇರೆ ದಿಕ್ಕಿನವು. ಇದರಲ್ಲಿ ಅವನ ಪಾಳಯದ್ದೂ ಒಂದಿತ್ತು. ಅದಕ್ಕೆ ಮಾತ್ರ ಅವನ ಹತ್ತಿರ "ಆದರ" ಎಂಬ ಮಾತಿತ್ತು.

ಅದಾದ ಮೇಲೆ ನಿಜ ಹೊರಬಿತ್ತು. ಒಬ್ಬ ಶಿಕ್ಷಕರು ಮನೆಯಿಂದ ಎಷ್ಟು ಗಂಟೆಗೆ ಹೊರಡುತ್ತಾರೆ, ಯಾವ ರಸ್ತೆ ಹಿಡಿಯುತ್ತಾರೆ ಎಂದು ನೋಡಿಕೊಂಡು ಬಾ ಎಂದು ಸಂಘಟನೆಯವರು ಅವನಿಗೆ ಹೇಳಿದ್ದರು. "ಬರೇ ನೋಡೂದಷ್ಟ ಐತ್ರಿ" ಅಂದ. ಬರೇ ನೋಡುವುದಲ್ಲ ಅದು, ತಮ್ಮಾ, ನಾಳೆ ಹೆಚ್ಚುಕಡಿಮೆಯಾದರೆ ಒಳಸಂಚಿನ ಆರೋಪಪಟ್ಟಿಯಲ್ಲಿ ನಿನ್ನ ಹೆಸರೂ ಇರುತ್ತದೆ ಎಂದೆ. ಈ ವಿಷಯ ಇಂದೇ ಪೊಲೀಸರಿಗೆ ಹೋಗಬೇಕು, ನೀನಾಗಿ ಹೇಳಿದರೆ ಒಳ್ಳೆಯದು, ಇಲ್ಲದಿದ್ದರೆ ನಾನೇ ಹೇಳುತ್ತೇನೆ ಎಂದೂ ತಿಳಿಸಿದೆ. ಅತ್ತ. ನಾನು ಪಟ್ಟು ಸಡಿಲಿಸಲಿಲ್ಲ. ಸಂಜೆ ವಕೀಲರನ್ನೂ ಅಕ್ಕನನ್ನೂ ಕರೆದುಕೊಂಡು ಕಮಿಷನರ್ ಕಚೇರಿಗೆ ಹೋಗಿ ಹೇಳಿಕೆ ಕೊಟ್ಟ. ಶಿಕ್ಷಕರಿಗೆ ಎಚ್ಚರಿಕೆ ಮುಟ್ಟಿತು.

ಮನೆಯವರಿಗೆ ಹೇಳಿದ್ದು ಬೇರೆ. ಫೋನ್ ಕಸಿಯಬೇಡಿ, "ಮನೆ ಬಿಟ್ಟು ಹೋಗು" ಎಂಬ ಮಾತು ಬಾಯಿಗೂ ಬರಬಾರದು, ಹೋದರೆ ಅವನಿಗೆ ಇರುವುದು ಆ ಸಂಘಟನೆಯ ಬಾಗಿಲೊಂದೇ. ಕೆಲ ತಿಂಗಳು ಗದಗದ ಸೋದರತ್ತೆಯ ಮನೆಯಲ್ಲಿದ್ದು ಅಲ್ಲೇ ಅಂಗಡಿ ನೋಡಿಕೊಳ್ಳಲಿ. ಋಣ ತೀರಿಸಬೇಕೆಂದರೆ ರಕ್ತದಿಂದಲೇ ತೀರಿಸಲಿ: ಮೂರು ತಿಂಗಳಿಗೊಮ್ಮೆ ರಕ್ತನಿಧಿಗೆ ಹೋಗಿ, ಯಾರಿಗೆಂದು ಕೇಳದೆ ಕೊಟ್ಟು ಬರಲಿ. ಈ ಸಲಹೆ ಮಾತ್ರ ಅವನಿಗೆ ಕೂಡಲೇ ಹಿಡಿಸಿತು.

ಅವನ ರಾಜಕೀಯ ಬದಲಾಗಿಲ್ಲ. ಬದಲಿಸುವುದು ನನ್ನ ಕೆಲಸವೂ ಅಲ್ಲ. ಅಪ್ಪ ಇನ್ನೂ ಬಂದಿಲ್ಲ, ಮುಂದಿನ ಭೇಟಿ ಅವರ ಜೊತೆಗೇ ಬೇಕೆಂದು ಅಕ್ಕನಿಗೆ ಹೇಳಿ ಕಳಿಸಿದ್ದೇನೆ.