ಪಕ್ಕದ ಮನೆಯವರು ಡೌಲಾ ಆಗ್ತಿರೋದು ಯಾಕೆ

ನ್ಯೂಜೆರ್ಸಿಗೆ ಬಂದು ಎರಡು ತಿಂಗಳಾಯಿತು, ಪಕ್ಕದ ಮನೆಯ ಕಪ್ಪು ಜನಾಂಗದ ಹೆಂಗಸು ಬ್ಯಾಂಕ್ ಕೆಲಸ ಬಿಟ್ಟು ಡೌಲಾ ತರಬೇತಿಗೆ ಸೇರಿದ್ದಾರೆ, ತಮ್ಮ ಜನಾಂಗದ ಬಸುರಿಯರ ಜೊತೆಗೇ ಇರ್ತಾರಂತೆ, ಯಾಕಕ್ಕಾ ಅಂತ ಕೇಳಿದ್ದೀಯ. ಸೂಲಗಿತ್ತಿ ಕೆಲಸನಾ ಅಂತಲೂ ಬರೆದಿದ್ದೀಯ.

ಅಲ್ಲ. ಹೆರಿಗೆ ಮಾಡಿಸೋದು ಡಾಕ್ಟರು, ಇಲ್ಲವೇ ತರಬೇತಿ ಪಡೆದ ಸೂಲಗಿತ್ತಿ, ಅಂದರೆ ಮಿಡ್‌ವೈಫ್. ಡೌಲಾ ಅಂದರೆ ಹೆರಿಗೆ ಹೊತ್ತಲ್ಲಿ ಜೊತೆಗಿದ್ದು ಆಸರೆಯಾಗೋರು, ಔಷಧಿ ಕೊಡುವುದಿಲ್ಲ. ನೋವು ಶುರುವಾದ ಮೇಲೆ ಬಸುರಿಯ ಪಕ್ಕ ಬಿಟ್ಟು ಕದಲುವುದಿಲ್ಲ.

ಯಾಕೆ ಅನ್ನೋದಕ್ಕೆ ನನ್ನ ಗೆಳತಿಯ ಕಥೆ ಹೇಳ್ತೀನಿ. ಅವಳೂ ಕಪ್ಪು ಜನಾಂಗದವಳು, ನೆವಾರ್ಕ್‌ನವಳು. ಅವಳ ತಂಗಿ ಹೆತ್ತ ಮೂರನೇ ದಿನ ತಲೆ ಸಿಡಿಯುತ್ತಿದೆ, ಕಣ್ಣು ಮಂಜಾಗ್ತಿದೆ ಅಂತ ಆಸ್ಪತ್ರೆಗೆ ಫೋನ್ ಮಾಡಿದಳು. ನಿದ್ದೆ ಸಾಲದು, ಮಲಗಿ ಅಂದರು. ರಾತ್ರಿ ಬಿಪಿ ಏರಿ ಫಿಟ್ಸ್ ಬಂತು. ಜೀವ ಉಳಿಯಿತು, ಪುಣ್ಯ. "ಅವಳ ಮಾತು ನಂಬಿ ಅನ್ನೋಕೆ ಒಬ್ಬರು ಬೇಕಿತ್ತು" ಅಂದ ನನ್ನ ಗೆಳತಿ ಅದೇ ವರ್ಷ ಡೌಲಾ ತರಬೇತಿಗೆ ಸೇರಿದಳು.

ಇದು ಒಂದು ಮನೆಯ ಕಥೆ ಅಲ್ಲ. 2023ರಲ್ಲಿ ಅಮೆರಿಕದಲ್ಲಿ ಕಪ್ಪು ಜನಾಂಗದಲ್ಲಿ ಲಕ್ಷ ಹೆರಿಗೆಗೆ ಸುಮಾರು 50 ತಾಯಂದಿರು ತೀರಿಕೊಂಡರು. ಬಿಳಿಯರಲ್ಲಿ ಅದು 15ಕ್ಕಿಂತ ಕಡಿಮೆ. ದುಡ್ಡು, ಹೆಸರು ಇದ್ದರೂ ಅಷ್ಟೇ. 2017ರಲ್ಲಿ ಮಗಳು ಹುಟ್ಟಿದ ಮೇಲೆ ಕಪ್ಪು ಜನಾಂಗದ ಟೆನಿಸ್ ತಾರೆ ಸೆರೆನಾ ವಿಲಿಯಮ್ಸ್ ಉಸಿರಾಡಲು ಕಷ್ಟಪಟ್ಟು ಸ್ಕ್ಯಾನ್ ಮಾಡಿ ಅಂದಾಗ, ನೋವಿನ ಔಷಧಿಯಿಂದ ಗೊಂದಲವಾಗಿದೆ ಅಂತ ನರ್ಸ್ ಅಂದುಕೊಂಡರು. ಹಟ ಹಿಡಿದು ಮಾಡಿಸಿದ ಮೇಲೆ ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿರೋದು ಕಂಡಿತು. ಎಲ್ಲರಿಗೂ ಹಾಗೆ ಹಟ ಹಿಡಿಯೋಕೆ ಆಗುತ್ತಾ? ಅದೂ ನೋವು ತಿನ್ನುತ್ತಾ?

ನನ್ನ ಗೆಳತಿಯ ಚೀಲ ನೋಡಿದ್ದೇನೆ. ಬೆನ್ನು ಒತ್ತೋಕೆ ಟೆನಿಸ್ ಚೆಂಡು, ದಪ್ಪ ಕಾಲುಚೀಲ, ಒಂದು ಸಣ್ಣ ನೋಟ್‌ಬುಕ್. ಏನು ನೋವು, ಎಷ್ಟು ಗಂಟೆಗೆ ಹೇಳಿದ್ದು, ಯಾರಿಗೆ, ಅವರೇನಂದರು, ಎಲ್ಲ ಅದರಲ್ಲಿರುತ್ತದೆ. ಅವಳು ಜಗಳ ಆಡೋಳಲ್ಲ. "ಇವರು ಹತ್ತೂ ಇಪ್ಪತ್ತಕ್ಕೇ ಹೇಳಿದ್ದಾರೆ" ಅಂತ ಓದುತ್ತಾಳೆ. ಮಗು ಮನೆಗೆ ಬಂದ ಮೇಲೂ ಹೋಗಿ, ಬಿಪಿ ನೋಡಿಸಿಕೊಂಡ್ಯಾ, ಊಟ ಮಾಡಿದ್ಯಾ ಅಂತ ವಿಚಾರಿಸುತ್ತಾಳೆ. ನಮಗಾದರೆ ಬಾಣಂತನಕ್ಕೆ ಅಮ್ಮ ವೀಸಾ ಮಾಡಿಸಿಕೊಂಡು ಬರ್ತಾರೆ. ಅವಳು ನೋಡಿಕೊಳ್ಳೋ ಎಷ್ಟೋ ಬಾಣಂತಿಯರಿಗೆ ಮನೆಯಲ್ಲಿ ಯಾರೂ ಇರೋದಿಲ್ಲ.

ಸಂಪಾದನೆ ಜಾಸ್ತಿ ಇಲ್ಲ. 2021ರಿಂದ ನ್ಯೂಜೆರ್ಸಿಯ ಮೆಡಿಕೇಡ್, ಅಂದರೆ ಕಡಿಮೆ ಆದಾಯದವರಿಗೆ ಇರೋ ಸರ್ಕಾರಿ ಆರೋಗ್ಯ ವಿಮೆ, ಡೌಲಾ ಖರ್ಚು ಕೊಡುತ್ತದೆ, ಹಾಗಾಗಿ ಬಡವರೂ ಕರೆಯಬಹುದು. ಫೋನು ಮಾತ್ರ ಸರಿರಾತ್ರಿಯಲ್ಲೂ ಬರುತ್ತದೆ.

ಪಕ್ಕದ ಮನೆಯವರಿಗೆ ಸ್ಕೂಲಿಗೆ ಹೋಗೋ ಮಗ ಇದ್ದಾನೆ ಅಂದೆ, ಅಲ್ವಾ? ಅವರು ರಾತ್ರಿ ಹೆರಿಗೆಗೆ ಹೋದ ದಿನ, ಬೆಳಿಗ್ಗೆ ಅವನನ್ನು ಬಸ್ ಹತ್ತಿಸ್ತೀನಿ ಅಂತ ಈಗಲೇ ಹೇಳಿಡು. ನಾನು ನನ್ನ ಗೆಳತಿಯ ಮಗಳಿಗೆ ನಾಲ್ಕು ವರ್ಷ ಅದನ್ನೇ ಮಾಡಿದೆ.