ಆ ಬೀದಿಯ ಹೆಸರನ್ನು ಮಗಳಿಗೆ ಹೇಗೆ ಹೇಳಲಿ?

ಪ್ರಶ್ನೆ: ಮೊನ್ನೆ ಮನೆಮಂದಿಯೆಲ್ಲ ಹಂಪಿಗೆ ಹೋಗಿದ್ದೆವು. ಅಚ್ಯುತರಾಯ ಗುಡಿ ಮುಂದಿನ ಬೀದಿ ತೋರಿಸಿ, ಜೊತೆಗಿದ್ದವರೊಬ್ಬರು ‘ಇದು ಸೂಳೆ ಬಜಾರು’ ಅಂತ ನಕ್ಕರು. ಹಾಗಂದ್ರೆ ಏನಮ್ಮಾ ಅಂತ ಎಂಟನೇ ಕ್ಲಾಸಿನ ಮಗಳು ಕೇಳಿದಳು. ಮಾತು ಮರೆಸಿಬಿಟ್ಟೆ. ಏನು ಹೇಳಬೇಕಿತ್ತು?
— ಓದುಗರೊಬ್ಬರು, ಸಿಂಧನೂರು

ಉತ್ತರ: ಇದ್ದದ್ದನ್ನೇ ಹೇಳಿ ಅಕ್ಕಾ. ಆ ನಗು ಅವಳಿಗೆ ಆಗಲೇ ಅರ್ಥವಾಗಿರುತ್ತದೆ. ಆ ಬೀದಿಯ ಹೆಂಗಸರ ಬಗ್ಗೆ ಮಾತ್ರ ಅವಳಿಗೆ ಯಾರೂ ಏನೂ ಹೇಳಿಲ್ಲ.

1443ರಲ್ಲಿ ವಿಜಯನಗರಕ್ಕೆ ಬಂದಿದ್ದ ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕ್, ಇಂಥ ಸೂಳೆಯರ ಮನೆಗಳ ತೆರಿಗೆಯಿಂದಲೇ ಊರಿನ ಕಾವಲುಗಾರರಿಗೆ ಸಂಬಳ ಹೋಗುತ್ತಿತ್ತು ಅಂತ ಬರೆದಿದ್ದಾನೆ. ಅಂದರೆ ಊರು ರಾತ್ರಿ ನಿಶ್ಚಿಂತೆಯಿಂದ ಮಲಗುತ್ತಿದ್ದದ್ದು ಇವರ ದುಡಿಮೆಯ ಮೇಲೆ. ಕೃಷ್ಣದೇವರಾಯನ ಕಾಲದಲ್ಲಿ ಬಂದ ಪೋರ್ಚುಗೀಸ್ ಪ್ರವಾಸಿ ಪಾಯೆಸ್ ಇವರ ಮೈಮೇಲಿದ್ದ ವಜ್ರ, ಮಾಣಿಕ್ಯ, ಮುತ್ತು ನೋಡಿ ಬೆರಗಾದ. ಕೆಲವರಿಗೆ ಸ್ವಂತ ಭೂಮಿ ಇತ್ತು, ಪಲ್ಲಕ್ಕಿ ಇತ್ತು. ರಾಣಿಯರ ಹತ್ತಿರ ಹೋಗಿ ಅವರ ಜೊತೆ ಕೂತು ಎಲೆಅಡಿಕೆ ಹಾಕಿಕೊಳ್ಳುತ್ತಿದ್ದರಂತೆ, ಎಂಥಾ ದೊಡ್ಡವರಿಗೂ ಸಿಗದ ಸಲಿಗೆ ಅದು. ರಾಯನ ಮೂವರು ಮುಖ್ಯ ರಾಣಿಯರಲ್ಲಿ ಒಬ್ಬಳು ಮೊದಲು ಗಣಿಕೆಯೇ ಆಗಿದ್ದಳು, ಪಟ್ಟಕ್ಕೆ ಬಂದರೆ ಮದುವೆಯಾಗುತ್ತೇನೆ ಅಂತ ಅವಳಿಗೆ ಮಾತು ಕೊಟ್ಟಿದ್ದ, ಉಳಿಸಿಕೊಂಡ ಅಂತಲೂ ಪಾಯೆಸ್ ಬರೆಯುತ್ತಾನೆ.

ಇನ್ನೂ ಹಿಂದಕ್ಕೆ ಹೋಗೋಣ. ಬಾದಾಮಿ ಹತ್ತಿರದ ಮಹಾಕೂಟದಲ್ಲಿ ಒಂದು ಕನ್ನಡ ಶಾಸನವಿದೆ. ಚಾಲುಕ್ಯ ವಿಜಯಾದಿತ್ಯನ ಕಾಲದ್ದು, ಅವನು ಆಳಿದ್ದು 696ರಿಂದ 733ರವರೆಗೆ. ಅವನ ಪ್ರಾಣವಲ್ಲಭೆ ವಿನಾಪೋಟಿ ದೇವರಿಗೆ ಮಾಣಿಕ್ಯದ ಪೀಠ ಮಾಡಿಸಿದಳು, ಬೆಳ್ಳಿ ಕೊಡೆ ಏರಿಸಿದಳು, ಹೊಲ ಕೊಟ್ಟಳು. ಶಾಸನ ಅವಳನ್ನು ‘ಸೂಳೆಯರ್’ ಅಂತಲೇ ಕರೆಯುತ್ತದೆ. ನಾವು ಅವರು, ಇವರು ಅಂತ ಗೌರವದ ಬಹುವಚನ ಹಚ್ಚುತ್ತೇವಲ್ವಾ, ಹಾಗೆ. ಮುತ್ತವ್ವ (ಅಂದರೆ ಅಜ್ಜಿ) ರೇವಮಂಚಗಳ್, ಅವರ ಮಗಳು ಕುಚಿಪೋಟಿಗಳ್ ಅಂತ ತಾಯಿ ಕಡೆಯ ವಂಶವನ್ನೂ ಕೆತ್ತಿಸಿದ್ದಾರೆ. ಅದೇ ಮಾತು ಇವತ್ತು ನಮ್ಮ ಸಂತೆಯಲ್ಲಿ, ಬಸ್ಸಿನ ಸೀಟಿನ ಜಗಳದಲ್ಲಿ ಬೈಗುಳ. ಮಾತಿಗೆ ಆ ಹೊಲಸು ಅಂಟಿಸಿದವರು ನಾವೇ.

12ನೇ ಶತಮಾನದ ಸೂಳೆ ಸಂಕವ್ವೆಯನ್ನೂ ನೆನೆಸಿಕೊಳ್ಳಿ. ಅವಳದು ಉಳಿದಿರುವುದು ಒಂದೇ ಒಂದು ವಚನ. ಒಬ್ಬನಿಂದ ಒತ್ತೆ (ಗಿರಾಕಿ ಕೊಡುವ ಹಣ) ಹಿಡಿದ ಮೇಲೆ ಇನ್ನೊಬ್ಬನ ಒತ್ತೆ ಹಿಡಿಯಲೊಲ್ಲೆ ಅಂತ ತನ್ನ ಕಸುಬಿನ ಮಾತಲ್ಲೇ ದೇವರಿಗೆ ಆಣೆ ಇಡುತ್ತಾಳೆ. ಅವಳ ಅಂಕಿತ ನಿರ್ಲಜ್ಜೇಶ್ವರ. ನಾಚಿಕೆ ಇಲ್ಲದವಳು ಅಂತ ಊರು ಅಂದಿರಬೇಕು, ಅವಳು ಆ ಮಾತನ್ನೇ ಎತ್ತಿ ದೇವರಿಗೆ ಇಟ್ಟಳು. ನನಗಂತೂ ಅದನ್ನು ಓದಿದಾಗಲೆಲ್ಲ ಮೈ ಜುಮ್ಮೆನ್ನುತ್ತದೆ.

ಆದರೆ ವಜ್ರ, ಪಲ್ಲಕ್ಕಿ ಅಷ್ಟೇ ಹೇಳಿ ಮಗಳ ಮುಂದೆ ಅದನ್ನು ಚಂದದ ಬದುಕು ಅಂತ ಮಾಡಬೇಡಿ. ಪಾಯೆಸ್ ಕಣ್ಣಿಗೆ ಬಿದ್ದವರು ಶ್ರೀಮಂತರು, ಬಡವರ ಲೆಕ್ಕ ಯಾರೂ ಬರೆದಿಡಲಿಲ್ಲ. ನಮ್ಮ ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆಯೇ ಎಳೆ ಹುಡುಗಿಯರಿಗೆ ಮುತ್ತು ಕಟ್ಟಿ ದೇವರ ಹೆಸರಲ್ಲಿ ಬಿಡುತ್ತಿದ್ದರು. ಅದನ್ನು ತಡೆಯಲು 1982ರಲ್ಲಿ ರಾಜ್ಯ ಕಾಯ್ದೆಯನ್ನೇ ಮಾಡಬೇಕಾಯಿತು. ಮಗಳಿಗೆ ಇದನ್ನೂ ಹೇಳಿ.

ಪ್ರಶ್ನೆ: ಕನ್ನ ಹಾಕುವುದೂ ಒಂದು ವಿದ್ಯೆ ಅಂತ ನಮ್ಮಜ್ಜ ಹೇಳುತ್ತಿದ್ದ. ಸುಮ್ನೆ ಹೇಳಿದ್ದಾ?
— ಓದುಗರೊಬ್ಬರು, ಗಂಗಾವತಿ

ಉತ್ತರ: ಇಲ್ಲ, ಅಜ್ಜ ಹೇಳಿದ್ದು ಹಳೇ ಮಾತು. ಶೂದ್ರಕನ ‘ಮೃಚ್ಛಕಟಿಕ’ ಅನ್ನೋ ಸಂಸ್ಕೃತ ನಾಟಕದ ಕಳ್ಳ ಶರ್ವಿಲಕ ಗೋಡೆಯನ್ನು ಮುಟ್ಟಿ ಮುಟ್ಟಿ ನೋಡುತ್ತಾನೆ. ದಿನಾ ನೀರು ಬಿದ್ದು ಮೆತ್ತಗಾದ ಜಾಗ ಎಲ್ಲಿದೆ, ಉಪ್ಪು ತಿಂದು ಸವೆದದ್ದೆಲ್ಲಿ, ಇಲಿ ಮಣ್ಣು ತೋಡಿದ್ದೆಲ್ಲಿ. ಯಾವ ಆಕಾರದ ಕನ್ನ ಕೊರೆಯಬೇಕು ಅಂತ ಯೋಚಿಸಿ ತುಂಬಿದ ಕೊಡದ ಆಕಾರ ಆರಿಸುತ್ತಾನೆ. ಅಳೆಯುವ ದಾರ ಮರೆತಿದ್ದ, ಜನಿವಾರದಲ್ಲೇ ಅಳೆದ! ಕದ್ದದ್ದು ಯಾಕೆ? ಗಣಿಕೆ ವಸಂತಸೇನೆಯ ದಾಸಿ ಮದನಿಕೆಯನ್ನು ಬಿಡಿಸಿಕೊಳ್ಳಲು. ಕದ್ದ ಒಡವೆ ವಸಂತಸೇನೆಯದೇ. ಅವಳು ಎಲ್ಲಾ ತಿಳಿದೂ ಮದನಿಕೆಯನ್ನು ಅವನ ಜೊತೆ ಕಳಿಸಿಕೊಟ್ಟಳು. ಇಡೀ ನಾಟಕದಲ್ಲಿ ನನಗೆ ಜಾಸ್ತಿ ಇಷ್ಟವಾದ ಜಾಗ ಅದು. ನಮ್ಮಲ್ಲೂ ಕನ್ನದ ಮಾರಿತಂದೆ ಇದ್ದಾನೆ, ಕಳ್ಳತನ ಬಿಟ್ಟು ಶರಣನಾದವನು. ಶರಣನಾದ ಮೇಲೂ ಹೆಸರಿನ ಮುಂದಿನ ‘ಕನ್ನ’ ಹೋಗಲಿಲ್ಲ.

ಪ್ರಶ್ನೆ: ಮುದಗಲ್ಲಿನ ಪರ್ತಾಲ್ ಕೂಡ ಗಣಿಕೆಯಾ?
— ಓದುಗರೊಬ್ಬರು, ಲಿಂಗಸುಗೂರು

ಉತ್ತರ: ಅಲ್ಲವೇ ಅಲ್ಲ. ಇತಿಹಾಸಕಾರ ಫೆರಿಷ್ತಾ ಹೇಳುವ ಪ್ರಕಾರ ಅವಳು ಅಕ್ಕಸಾಲಿಗನ ಮಗಳು. ಅವಳಿಗಾಗಿ 1406ರಲ್ಲಿ ವಿಜಯನಗರದ ರಾಜ ದೇವರಾಯ ದಂಡು ಕಳಿಸಿದ, ಅದರಿಂದ ಬಹಮನಿ ಸುಲ್ತಾನ ಫಿರೋಜ್ ಶಾಹನ ಜೊತೆ ಯುದ್ಧವೇ ಆಯಿತು. ರಾಜನ ಮದುವೆ ಮಾತು ಬಂದಾಗ ಅವಳು ಒಲ್ಲೆ ಅಂದಿದ್ದಳು. ಅವಳು ಮಾಡಿದ್ದು ಅಷ್ಟೇ.